ಮುಂದಿನ ಚಕ್ರಗಳ ಲಿವರ್

ಜುಲೈ 6

ಮಗಳೇ,

ನಾನು ಇದ್ದೇನೆ. ನೀವೂ ಇದ್ದೀರಿ ಎಂದುಕೊಂಡಿದ್ದೇನೆ. ಹದಿನಾಲ್ಕು ವರ್ಷದಲ್ಲಿ ನಿಮ್ಮ ಮನೆಯಿಂದ ಬಂದ ಮೊದಲ ಕಾಗದ ನಿನ್ನದು. ಅದರ ಮೊದಲ ಸಾಲೇ ‘ದೊಡ್ಡಪ್ಪ, ಅಪ್ಪನಿಗೆ ಹೇಳದೆ ಬರೆಯುತ್ತಿದ್ದೇನೆ’ ಎಂದು. ಅಷ್ಟು ಓದಿ ಮಡಚಿಟ್ಟು ಹೊರಗೆ ಹೋಗಿ ಅಂಗಳ ಗುಡಿಸಿದೆ. ಆಮೇಲೆ ಉಳಿದದ್ದು ಓದಿದೆ.

ಪೇಟೆಗೆ ಹೋದಾಗ ಫೋನ್ ಮಾಡಲೇ ಎಂದು ಕೇಳಿದ್ದೀಯ. ಬೇಡ. ನಲವತ್ತು ವರ್ಷ ಇಂಜಿನ್ನಿನ ಪಕ್ಕದಲ್ಲಿ ನಿಂತು ಎರಡು ಕಿವಿಯೂ ಹೋಗಿವೆ. ಫೋನಿನಲ್ಲಿ ಯಾರು ಮಾತಾಡಿದರೂ ಡಬ್ಬಿಯೊಳಗೆ ದುಂಬಿ ಬಿದ್ದ ಹಾಗೆ ಕೇಳುತ್ತದೆ. ಬರೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರ ಕೋಳಿ ಕೆದರಿದ ಹಾಗಿರುತ್ತದೆ, ಓದಿಕೊ.

ಗೇಣಿಗೆ ಕೊಟ್ಟಿದ್ದ ಗುಡ್ಡದ ಹೊಲ ಬಿಡಿಸಿಕೊಂಡು ಆಲೂಗಡ್ಡೆ ಹಾಕಿದ್ದೀಯ. ಅಕ್ಟೋಬರಿನಲ್ಲಿ ಅಗೆದು ಮೂಟೆಗಳನ್ನು ಆ ಇಳಿಜಾರಿನಲ್ಲಿ ಕೆಳಕ್ಕೆ ಸಾಗಿಸಬೇಕು. ಅದಕ್ಕೆ ಹಳೆಯದಾದರೂ ಸರಿ, ನಾಲ್ಕು ಚಕ್ರವೂ ಎಳೆಯುವ ಟ್ರ್ಯಾಕ್ಟರ್ ಬೇಕು ಎನ್ನುತ್ತೀಯ. ಬುದ್ಧಿ ನೆಟ್ಟಗಿದೆ. ನಾಲ್ಕು ಚಕ್ರದ ಎಳೆತ ಗುಡ್ಡ ಹತ್ತುವುದಕ್ಕೆ ಎಂದು ಜನ ತಿಳಿದಿದ್ದಾರೆ. ಅದು ಬೇಕಾಗುವುದು ಇಳಿಯುವುದಕ್ಕೆ. ಹಳೆಯ ಗಾಡಿಗಳಲ್ಲಿ ಬ್ರೇಕ್ ಇರುವುದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಸೀಟಿನ ಪಕ್ಕದ ಲಿವರ್ ಹಾಕಿದರೆ ಮುಂದಿನವೂ ಜೊತೆಗೆ ಸೇರಿ ನೆಲ ಹಿಡಿಯುತ್ತವೆ. ಹಿಂದೆ ಮೂಟೆ ತುಂಬಿದ ಟ್ರೇಲರ್ ನೂಕುತ್ತಿರುವಾಗ ನಿನ್ನ ಜೀವ ಇರುವುದು ಆ ಲಿವರಿನಲ್ಲಿ.

ಮಾರುವವನ ಮನೆಗೆ ಹೇಳದೆ ಹೋಗು. ಹೋದವಳೇ ಇಂಜಿನ್ ಮೇಲೆ ಕೈಯಿಡು. ಬಿಸಿ ಇದ್ದರೆ ಅದಕ್ಕೇನೋ ರೋಗ ಇದೆ, ತಣ್ಣಗೆ ಇದ್ದಾಗ ಸ್ಟಾರ್ಟ್ ಆಗುವುದಿಲ್ಲ. ಆರುವವರೆಗೂ ಅಲ್ಲೇ ಕೂರು. ಅವನು ಕಾಫಿ ಕೊಟ್ಟರೆ ಕುಡಿ, ಏಳಬೇಡ. ಎಷ್ಟು ಗಂಟೆ ಓಡಿದೆ ಎಂದು ಮೀಟರ್ ನೋಡಬೇಡ, ಕ್ಲಚ್ ಪೆಡಲ್ ನೋಡು. ಮೀಟರನ್ನು ತಿರುಗಿಸಬಹುದು, ಪಾದ ಉಜ್ಜಿ ಸವೆದ ಕಬ್ಬಿಣವನ್ನು ಯಾರೂ ತಿರುಗಿಸಲಾರರು. ಮುಂದಿನ ಚಕ್ರಗಳ ಒಳಮಗ್ಗುಲಿಗೆ ಬೆರಳು ಹಾಕು. ಎಣ್ಣೆ ಅಂಟಿದರೆ ಸೀಲ್ ಹೋಗಿದೆ. ಚಕ್ರ ಹಿಡಿದು ಅಲುಗಾಡಿಸು, ಸಡಿಲ ಹಲ್ಲಿನ ಹಾಗೆ ಆಡಬಾರದು. ಎಡಚಕ್ರಕ್ಕೊಂದು ಬಲಚಕ್ರಕ್ಕೊಂದು ಎಂದು ಬ್ರೇಕ್ ಪೆಡಲ್ ಎರಡಿರುತ್ತವೆ, ಎರಡನ್ನೂ ಸೇರಿಸುವ ಕೊಂಡಿ ಇದೆಯೇ ನೋಡು. ಹೊಸ ಬಣ್ಣ ಬಳಿದದ್ದನ್ನು ಕಂಡರೆ ಎರಡು ಸಲ ನೋಡು.

ಇಷ್ಟು ಸಾಕು. ಬೇರೇನೂ ನೋಡುವುದು ಬೇಡ.

ನಿನ್ನಪ್ಪನ ಸೊಂಟ ಹೇಗಿದೆ ಎಂದು ನೀನು ಬರೆದಿಲ್ಲ. ನಾನೂ ಕೇಳುತ್ತಿಲ್ಲ.

ಇಂತಿ,
ನಿನ್ನ ದೊಡ್ಡಪ್ಪ


ಆಗಸ್ಟ್ 29

ದೊಡ್ಡಪ್ಪ,

ಸಿಕ್ಕಿತು. ಎರಡು ನೋಡಿದೆ. ಮೊದಲನೆಯದರ ಇಂಜಿನ್ ಮೇಲೆ ಕೈಯಿಟ್ಟರೆ ಅಂಗೈ ಸುಟ್ಟಿತು. ನೀವು ಹೇಳಿದ ಹಾಗೆ ಕೂತೆ. ಆ ಮನುಷ್ಯ ಮೂರು ಲೋಟ ಕಾಫಿ ಕೊಟ್ಟ, ನಾಲ್ಕನೆಯದಕ್ಕೆ ‘ನಿಮಗೆ ಮನೆ ಇಲ್ಲವಾ ತಾಯಿ’ ಎಂದ. ಆರಿದ ಮೇಲೆ ಅದು ಕೆಮ್ಮಿತೇ ಹೊರತು ಏಳಲಿಲ್ಲ. ಬಂದುಬಿಟ್ಟೆ.

ಎರಡನೆಯದನ್ನು ತಂದಿದ್ದೇನೆ. ಇಪ್ಪತ್ತಾರು ವರ್ಷದ್ದು. ತಣ್ಣಗಿದ್ದದ್ದು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಸೀಲಿನಲ್ಲಿ ಎಣ್ಣೆ ಇಲ್ಲ, ಪೂರಾ ಒಣಗಿದೆ. ಮುಂದಿನ ಟೈರು ನೋಡಿದರೆ ನಿಮಗೇ ಆಸೆಯಾಗಬೇಕು. ಹಳೆಯವು, ಬಿಸಿಲಿಗೆ ಪಕ್ಕದಲ್ಲೆಲ್ಲ ಬಿರುಕು ಬಿಟ್ಟಿವೆ, ಆದರೆ ಕಚ್ಚುಗಳು ಚೂರೂ ಸವೆದಿಲ್ಲ. ಹಿಂದಿನವು ಅರ್ಧ ಸವೆದಿವೆ. ಮುಂದಿನ ಚಕ್ರಗಳ ಲಿವರ್ ಅಂತೂ ಬೆಣ್ಣೆ. ಒಂದು ಬೆರಳಿನಲ್ಲಿ ಹಾಕಬಹುದು, ತೆಗೆಯಬಹುದು. ಹಾಕಿದರೆ ಹಸಿರು ದೀಪ ಹತ್ತುತ್ತದೆ. ಮಾರಿದವನು ‘ಇಂಥ ಲಿವರ್ ಈಗಿನ ಗಾಡಿಗಳಲ್ಲೂ ಇರಲ್ಲ’ ಎಂದ.

ಅಪ್ಪ ಅಂಗಳಕ್ಕೆ ಬಂದು ಕೋಲೂರಿ ನಿಂತು ನೋಡಿದರು. ‘ಯಾರು ಹೇಳಿಕೊಟ್ಟದ್ದು’ ಎಂದು ಕೇಳಿದರು. ಪುಸ್ತಕ ಎಂದೆ. ನಂಬಲಿಲ್ಲ. ಸೊಂಟ ಮಳೆ ಬಂದರೆ ನೋಯುತ್ತದೆ, ಬಾರದಿದ್ದರೂ ನೋಯುತ್ತದೆ. ಕೇಳದಿದ್ದರೂ ಹೇಳಿದ್ದೇನೆ.

ನಿಮ್ಮ ಮಗಳು


ಸೆಪ್ಟೆಂಬರ್ 5

ಮಗಳೇ,

ಆ ಗಾಡಿಯನ್ನು ಇಳಿಜಾರಿಗೆ ಒಯ್ಯಬೇಡ. ಖಾಲಿ ಕೂಡ ಒಯ್ಯಬೇಡ. ಮೊದಲು ಇದನ್ನು ಓದು.

ನಾಲ್ಕು ಚಕ್ರದ ಗಾಡಿಯಲ್ಲಿ ಮೊದಲು ಸವೆಯುವುದು ಮುಂದಿನ ಟೈರು. ಇಪ್ಪತ್ತಾರು ವರ್ಷದ ಗಾಡಿ, ಬಿರುಕು ಬಿಡುವಷ್ಟು ಹಳೆಯ ಟೈರು, ಆದರೂ ಕಚ್ಚು ಸವೆದಿಲ್ಲ ಎಂದರೆ ಆ ಚಕ್ರಗಳು ಎಷ್ಟೋ ವರ್ಷದಿಂದ ದುಡಿದೇ ಇಲ್ಲ, ಸುಮ್ಮನೆ ಉರುಳಿವೆ. ಲಿವರ್ ಬೆಣ್ಣೆಯಂತೆ! ಹಳೆಯ ಗಾಡಿಯ ಲಿವರ್ ಹಟಮಾರಿ ಎಮ್ಮೆಯ ಹಾಗಿರಬೇಕು. ಒಳಗೆ ಭಾರ ಇದ್ದರೆ ತಾನೇ ಅದು ಬಿಗಿಯುವುದು. ದೀಪವನ್ನು ನಂಬಬೇಡ. ಲಿವರ್ ಕದಲಿದೆ ಎಂದಷ್ಟೇ ಅದು ಹೇಳುವುದು, ಮುಂದೆ ಏನಾಯಿತು ಎಂಬುದು ಅದಕ್ಕೂ ಗೊತ್ತಿಲ್ಲ.

ಗೇರ್ ಬಾಕ್ಸಿನಿಂದ ಮುಂದಿನ ಚಕ್ರಗಳಿಗೆ ಹೊಟ್ಟೆಯ ಅಡಿಯಲ್ಲಿ ಒಂದು ಶಾಫ್ಟ್ ಹೋಗುತ್ತದೆ, ಮುಂಗೈ ದಪ್ಪದ ಕಬ್ಬಿಣದ ಸರಳು. ಅದರ ಮೇಲೆ ತಗಡಿನ ಕೊಳವೆಯ ಮುಚ್ಚಳ. ಮುಚ್ಚಳ ಹಾಗೇ ಬಿಟ್ಟು ಒಳಗಿನ ಶಾಫ್ಟ್ ಬಿಚ್ಚಿ ತೆಗೆದರೆ ಹೊರಗಿನಿಂದ ಯಾರಿಗೂ ತಿಳಿಯುವುದಿಲ್ಲ. ನಿನ್ನದರಲ್ಲಿ ಅದು ಇಲ್ಲ ಎಂದು ನನಗನಿಸುತ್ತದೆ.

ಪರೀಕ್ಷೆ ಮಾಡು. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಹಿಂದಿನ ಚಕ್ರಗಳಿಗೆ ಕಲ್ಲು ಕೊಡು. ಇಂಜಿನ್ ಆರಿಸಿ ಗೇರಿನಲ್ಲಿ ಬಿಡು, ಲಿವರ್ ಹಾಕು. ಜಾಕ್ ಕೊಟ್ಟು ಮುಂದಿನ ಒಂದೇ ಒಂದು ಚಕ್ರ ಎತ್ತು. ಕೈಯಲ್ಲಿ ತಿರುಗಿಸು. ಶಾಫ್ಟ್ ಇದ್ದರೆ ಅದು ಜಪ್ಪಯ್ಯ ಅಂದರೂ ತಿರುಗುವುದಿಲ್ಲ. ತಿರುಗಿದರೆ ಒಳಗೆ ಶಾಫ್ಟ್ ಇಲ್ಲ.

ಮಾತು ಮೀರಿ ಇಳಿದೇ ಇಳಿದೆ ಎಂದಾದರೆ ಇದನ್ನು ಬಾಯಿಪಾಠ ಮಾಡಿಕೊ. ಮೇಲೆಯೇ ಒಂದನೇ ಗೇರ್ ಹಾಕು, ನಡುವೆ ಬದಲಿಸಬೇಡ, ಕ್ಲಚ್ ಮುಟ್ಟಬೇಡ. ಹಿಂದಿನ ಚಕ್ರ ಜಾರಿತು ಎಂದರೆ ಬ್ರೇಕಿನಿಂದ ಕಾಲು ತೆಗೆ. ಎಲ್ಲರೂ ಇನ್ನೂ ಒತ್ತುತ್ತಾರೆ, ಅಲ್ಲೇ ಸಾಯುತ್ತಾರೆ. ಕಾಲು ತೆಗೆದು ಗುಡ್ಡದ ಕಡೆಯ ದಿಣ್ಣೆಗೆ ಮೂತಿ ತಿರುಗಿಸಿ ಗುದ್ದು. ಗಾಡಿ ಹಾಳಾದರೆ ಹಾಳಾಗಲಿ.

ಜಾಕ್ ಕೊಟ್ಟು ನೋಡಿದ ದಿನವೇ ಬರೆ.

ದೊಡ್ಡಪ್ಪ


ಸೆಪ್ಟೆಂಬರ್ 24

ದೊಡ್ಡಪ್ಪ,

ನಿಮ್ಮ ಕಾಗದ ಅಪ್ಪನ ಕೈಗೇ ಸಿಕ್ಕಿತು. ಅಂಚೆಯವನು ಬರುವಾಗ ನಾನು ಹೊಲದಲ್ಲಿದ್ದೆ. ಅಪ್ಪ ಅದನ್ನು ಒಡೆಯಲಿಲ್ಲ. ಊಟದ ತಟ್ಟೆಯ ಪಕ್ಕ ಇಟ್ಟು, ನಾನು ತಿಂದು ಮುಗಿಸುವವರೆಗೂ ಕಾದು, ‘ನಿನ್ನ ಪುಸ್ತಕ ಬಂದಿದೆ’ ಎಂದರು.

ಆಮೇಲೆ ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. ‘ಆ ದಿನ ನಾನು ಲಿವರ್ ಹಾಕಿದ್ದೆ. ಗಾಡಿ ಮಗುಚಿ ಸೊಂಟ, ಕಾಲಿನ ಮೇಲೆ ಬಿದ್ದಾಗಲೂ ನನ್ನ ಕೈ ಅದರ ಮೇಲೇ ಇತ್ತು. ಆಸ್ಪತ್ರೆಯಿಂದ ಬರುವಷ್ಟರಲ್ಲಿ, ಲಿವರ್ ಹಾಕದೆ ಇಳಿದ ದಡ್ಡ ಅಂತ ನಿನ್ನ ದೊಡ್ಡಪ್ಪ ಊರಿಗೆಲ್ಲ ಹೇಳಿ ಮುಗಿಸಿದ್ದ. ಗ್ಯಾರೇಜ್ ಮೇಸ್ತ್ರಿ ಮಾತು ಅಂದರೆ ಮಾತು. ನಿನ್ನಮ್ಮ ಕೂಡ ಸಾಯೋವರೆಗೆ ನನ್ನನ್ನ ನಂಬಲಿಲ್ಲ. ಈಗ ನಿನಗೆ ಟ್ರ್ಯಾಕ್ಟರ್ ಕಲಿಸ್ತಾ ಇದ್ದಾನಾ?’

ನಿಮ್ಮ ಗ್ಯಾರೇಜಿನಲ್ಲಿ ನೀವು ಹಾಗೆಂದದ್ದು ನನಗೂ ನೆನಪಿದೆ. ಆಗ ನನಗೆ ಹನ್ನೆರಡು. ನೀವು ಹೇಳಿದ್ದರಿಂದ ನಾನೂ ನಂಬಿದ್ದೆ.

ಮಾರಿದವನಿಗೆ ಪೇಟೆಯಿಂದ ಫೋನ್ ಮಾಡಿದೆ, ನಕ್ಕ. ಜಾಕ್ ನಮ್ಮಲ್ಲಿಲ್ಲ, ನಿಮ್ಮ ಮಾತಿಗೆ ಮುಚ್ಚಳ ಬಿಚ್ಚಿ ನೋಡುವ ಮನಸ್ಸೂ ನನಗಿಲ್ಲ. ಹದಿನಾಲ್ಕು ಜನ ಆಳಿಗೆ ಹೇಳಿ ಆಗಿದೆ, ಅಕ್ಟೋಬರ್ ಎಂಟರಿಂದ ಅಗೆತ. ನೀವು ಕಾಣದ ಗಾಡಿಯನ್ನು ಕೂತಲ್ಲೇ ಬೈಯುತ್ತೀರಿ. ಟೈರಿನ ಕಚ್ಚು ನೋಡಿ ಇಷ್ಟೆಲ್ಲ ಹೇಗೆ ತಿಳಿಯುತ್ತದೆ? ನಂಬು ಎಂದರೆ ಯಾಕೆ ನಂಬಬೇಕು, ಅದನ್ನು ಬರೆಯಿರಿ.

ನಿಮ್ಮ ಮಗಳು


ಅಕ್ಟೋಬರ್ 3

ಮಗಳೇ,

ಪಕ್ಕದ ಮನೆಯ ಟೀಚರಮ್ಮನ ಕೈಯಲ್ಲಿ ನಾಲ್ಕು ಸಲ ಫೋನ್ ಮಾಡಿಸಿದೆ. ಗುಡ್ಡದಲ್ಲಿ ನಿನ್ನ ಫೋನ್ ಹಿಡಿಯುವುದಿಲ್ಲವಂತೆ. ನಿನ್ನೆ ಬಸ್ ಹತ್ತಿ ಹೊರಟೆ. ಅರ್ಧ ದಾರಿಯಲ್ಲಿ ಇಳಿದು ಎದುರು ಬಸ್ ಹತ್ತಿ ವಾಪಸಾದೆ. ನಿನ್ನಪ್ಪನ ಮುಖ ನೋಡುವ ಧೈರ್ಯ ಬರಲಿಲ್ಲ. ಆದ್ದರಿಂದ ಅಂಚೆ ಕಚೇರಿಯಲ್ಲೇ ಕೂತು ಬರೆಯುತ್ತಿದ್ದೇನೆ. ಎಂಟರೊಳಗೆ ಮುಟ್ಟಬೇಕು ಎಂದು ಇಲ್ಲಿನ ಹುಡುಗಿಗೆ ಹೇಳಿದರೆ, ಜೋರಾಗಿ ಕೂಗಬೇಡಿ ಅಜ್ಜ, ನನಗೆ ಕಿವಿ ಕೇಳುತ್ತದೆ ಎಂದು ಚೀಟಿಯಲ್ಲಿ ಬರೆದು ತೋರಿಸಿದಳು.

ಯಾಕೆ ನಂಬಬೇಕು ಎಂದು ಕೇಳಿದೆ. ಈ ಮೋಸ ನಾನೇ ಮಾಡಿದ್ದೇನೆ, ಅದಕ್ಕೆ.

ಹದಿನಾಲ್ಕು ವರ್ಷದ ಹಿಂದೆ ನಿನ್ನಪ್ಪ ಗಾಡಿ ತಂದ. ಲಿವರ್ ಹಾಕಿದರೆ ಮುಂದೆ ಕರಕರ ಸದ್ದು. ನಾನು ಅಡಗಿಸಲಾಗದ ಸದ್ದೇ ಇಲ್ಲ ಎಂದು ಗ್ಯಾರೇಜಿನಲ್ಲಿ ಎದೆ ತಟ್ಟಿಕೊಂಡು ಹೇಳುತ್ತಿದ್ದ ಕಾಲ ಅದು. ಮೂರು ದಿನ ಬಿಚ್ಚಿದೆ, ಕಟ್ಟಿದೆ. ಸದ್ದು ಹೋಗಲಿಲ್ಲ. ಗ್ಯಾರೇಜಿನ ಹುಡುಗರೆಲ್ಲ ನೋಡುತ್ತಿದ್ದರು. ನಾಲ್ಕನೇ ದಿನ ಅವರು ಊಟಕ್ಕೆ ಹೋದಾಗ ಅಡಿಯಲ್ಲಿ ಮಲಗಿ ಶಾಫ್ಟ್ ತೆಗೆದುಬಿಟ್ಟೆ. ಮುಚ್ಚಳ ಹಾಕಿದೆ. ಸದ್ದು ನಿಂತಿತು. ನಿನ್ನಪ್ಪ ಬಂದು ಓಡಿಸಿ ನೋಡಿ, ‘ಅಣ್ಣ, ನಿನ್ನ ಕೈಗೆ ಏನು ಕೊಡಬೇಕೋ’ ಎಂದ. ಒಂದು ವಾರದಲ್ಲಿ ಬೇರಿಂಗ್ ತರಿಸಿ, ಸರ್ವಿಸ್ ನೆಪದಲ್ಲಿ ಕರೆಸಿ ಸರಿಮಾಡಿಬಿಡೋಣ, ಯಾರಿಗೂ ತಿಳಿಯುವುದು ಬೇಡ ಎಂದುಕೊಂಡೆ. ಇಳಿಜಾರಿನಲ್ಲಿ ಇಳಿಸಬೇಡ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಿದರೆ ಯಾಕೆ ಎಂದು ಕೇಳುತ್ತಿದ್ದ. ಹೇಳಲಿಲ್ಲ.

ಐದನೇ ದಿನ ಮಗುಚಿತು.

ಗಾಡಿಯನ್ನು ಎಳೆದುಕೊಂಡು ನನ್ನ ಗ್ಯಾರೇಜಿಗೇ ತಂದರು. ನಾನು ಬಾಗಿಲು ಹಾಕಿಕೊಂಡು ಶಾಫ್ಟನ್ನು ತಿರುಗಿ ಅದರ ಜಾಗದಲ್ಲಿ ಕೂರಿಸಿದೆ. ಆಮೇಲೆ ಬಾಗಿಲು ತೆಗೆದು ಎಲ್ಲರನ್ನೂ ಕರೆದು ತೋರಿಸಿದೆ. ನೋಡಿ, ಎಲ್ಲ ಸರಿಯಾಗಿದೆ, ಲಿವರ್ ಹಾಕದೆ ಇಳಿದಿದ್ದಾನೆ ಎಂದೆ. ನೀನು ಬಾಗಿಲ ಹತ್ತಿರ ನಿಂತಿದ್ದೆ. ನನಗೂ ನೆನಪಿದೆ.

ಮೊದಲ ಕಾಗದದಲ್ಲಿ ನಿನಗೆ ಸೀಲು, ಪೆಡಲು, ಕೊಂಡಿ ಎಲ್ಲ ಬರೆದೆ. ಅಡಿಯಲ್ಲಿ ಮಲಗಿ ಶಾಫ್ಟ್ ನೋಡು ಎಂದು ಬರೆಯಲಿಲ್ಲ. ಮರೆತೆ ಎಂದು ಈಗ ಹೇಳಿದರೆ ನೀನು ನಂಬುತ್ತೀಯ. ಮರೆತಿರಲಿಲ್ಲ. ಪೆನ್ನು ಅಲ್ಲಿಯವರೆಗೆ ಬಂತು, ನಾನೇ ‘ಇಷ್ಟು ಸಾಕು’ ಎಂದು ಬರೆದು ಮುಗಿಸಿದೆ. ಬರೆದಿದ್ದರೆ ನೀನು ಆ ಗಾಡಿ ತರುತ್ತಿರಲಿಲ್ಲ. ಎರಡು ಸಲ ಒಂದೇ ತಪ್ಪು ಮಾಡಿದ ಮೇಸ್ತ್ರಿ ಮೇಸ್ತ್ರಿಯೇ ಅಲ್ಲ.

ನಿನ್ನಪ್ಪ ಲಿವರ್ ಹಾಕಿದ್ದ.

ಇಳಿಸಬೇಡ.

ದೊಡ್ಡಪ್ಪ


ಅಕ್ಟೋಬರ್ 15

ದೊಡ್ಡಪ್ಪ,

ಜೀವಂತ ಇದ್ದೇನೆ. ಮೊದಲು ಅದನ್ನು ಬರೆಯಬೇಕು ಎಂದು ಅಪ್ಪ ಹೇಳಿದರು.

ಅಂಚೆಯವನು ನಮ್ಮ ಕಡೆ ವಾರಕ್ಕೆ ಎರಡೇ ದಿನ ಬರುವುದು. ನಿಮ್ಮ ಕಾಗದ ಹತ್ತನೇ ತಾರೀಕು ಬಂತು. ನಾನು ಒಂಬತ್ತಕ್ಕೆ ಇಳಿಸಿದೆ.

ಮೂವತ್ತೆಂಟು ಮೂಟೆ. ಹಿಂದಿನ ಸಂಜೆ ತುಂತುರು ಬಿದ್ದು ದಾರಿ ಪಸೆಯಾಗಿತ್ತು. ನಿಮ್ಮ ಮೇಲೆ ಸಿಟ್ಟಿತ್ತು, ಆದರೂ ಮೇಲೆಯೇ ಒಂದನೇ ಗೇರ್ ಹಾಕಿದೆ. ಲಿವರ್ ಹಾಕಿದೆ, ಹಸಿರು ದೀಪ ಹತ್ತಿತು. ಆಳುಗಳನ್ನು ಹಿಂದೆ ಬರಬೇಡಿ, ಪಕ್ಕದಲ್ಲೂ ಬರಬೇಡಿ ಎಂದೆ. ಒಬ್ಬಳು, ‘ಮದುವಣಗಿತ್ತಿ ಹೊರಟ ಹಾಗೆ ಒಬ್ಬಳೇ ಹೊರಟಳು’ ಎಂದಳು, ಎಲ್ಲ ನಕ್ಕರು. ಎರಡನೇ ತಿರುವಿನ ಮುಂಚೆ ಟ್ರೇಲರ್ ಬೆನ್ನಿಗೆ ಕೈಯಿಟ್ಟು ನೂಕಿದ ಹಾಗಾಯಿತು. ಬ್ರೇಕ್ ಒತ್ತಿದೆ. ಹಿಂದಿನ ಚಕ್ರಗಳು ನಿಂತವು, ಗಾಡಿ ನಿಲ್ಲಲಿಲ್ಲ. ಮುಂದಿನ ಚಕ್ರಗಳು ನನ್ನ ಕಣ್ಣೆದುರೇ ಏನೂ ಆಗದವರ ಹಾಗೆ ಉರುಳುತ್ತಿದ್ದವು. ಕಾಲು ಇನ್ನೂ ಒತ್ತುತ್ತಿತ್ತು. ಕಾಲು ತೆಗೆ ಎಂದು ನೀವು ಬರೆದದ್ದು ನೆನಪಾಯಿತು ಎನ್ನಲಾರೆ, ಯಾರೋ ತಲೆಗೆ ಮೊಟಕಿದ ಹಾಗಾಯಿತು. ಕಾಲು ತೆಗೆದೆ. ದಿಣ್ಣೆಗೆ ತಿರುಗಿಸಿದೆ. ಗುದ್ದಿತು. ಟ್ರೇಲರ್ ಅಡ್ಡ ತಿರುಗಿ ನಿಂತಿತು, ಮೂಟೆಗಳು ಒಡೆದು ಆಲೂಗಡ್ಡೆ ಕೆಳಗಿನ ರಸ್ತೆಯವರೆಗೂ ಉರುಳಿದವು. ನನಗೆ ಹಣೆ ಒಡೆದು ಐದು ಹೊಲಿಗೆ, ಅಷ್ಟೇ.

ಮರುದಿನ ನಿಮ್ಮ ಕಾಗದ. ಗಟ್ಟಿಯಾಗಿ ಓದಿದೆ. ಅಪ್ಪ ಬಾಗಿಲ ಕಡೆ ಮುಖ ಮಾಡಿ ಕೇಳಿದರು. ‘ನಿನ್ನಪ್ಪ ಲಿವರ್ ಹಾಕಿದ್ದ’ ಎಂಬಲ್ಲಿಗೆ ಬಂದಾಗ ಅಲ್ಲೇ ನಿಲ್ಲಿಸು ಎಂದರು. ಇನ್ನೊಮ್ಮೆ ಓದು ಎಂದರು. ಓದಿದೆ. ಎದ್ದು ಕೋಲೂರಿಕೊಂಡು ಆ ದಾರಿ ಪೂರ್ತಿ ಹತ್ತಿ ಎರಡನೇ ತಿರುವಿಗೆ ಹೋದರು. ಹದಿನಾಲ್ಕು ವರ್ಷದಿಂದ ಅತ್ತ ಕಾಲಿಟ್ಟಿರಲಿಲ್ಲ. ನನ್ನನ್ನು ಗಾಡಿಯ ಅಡಿಯಲ್ಲಿ ಮಲಗಿಸಿ ಮುಚ್ಚಳ ಬಿಚ್ಚಿಸಿದರು. ಒಳಗೆ ಬರೀ ಜೇಡರ ಬಲೆ ಇತ್ತು.

ಅಲ್ಲೇ ಕಲ್ಲಿನ ಮೇಲೆ ಕೂತರು. ಆಮೇಲೆ ಬರೆಯಲು ಹೇಳಿದರು. ಅವರ ಮಾತು ಇಷ್ಟು:

‘ಶಾಫ್ಟ್ ಹಾಕೋಕೆ ಅವನೇ ಬರೋದಾದರೆ ಬರಲಿ. ಅದಕ್ಕೆ ಮೊದಲು ಗ್ಯಾರೇಜಿನಲ್ಲಿ, ಅವತ್ತು ಎಲ್ಲಿ ನಿಂತು ಹೇಳಿದ್ನೋ ಅಲ್ಲೇ ನಿಂತು ಹೇಳಿ ಬರಲಿ. ನನಗೆ ಹೇಳೋದು ಬೇಡ, ನನಗೆ ಮೊದಲಿಂದ ಗೊತ್ತು. ಹೇಳದೆ ಬಂದರೆ ಗೇಟು ತೆಗೆಯಲ್ಲ.’

ಇದರ ಮೇಲೆ ನನ್ನದು ಏನೂ ಇಲ್ಲ. ನಿಮಗೆ ಬೈಯಬೇಕು ಎಂದು ಮೂರು ಹಾಳೆ ಹರಿದೆ. ನಿಮ್ಮ ಮಾತಿನಿಂದಲೇ ಉಳಿದೆ, ಅದಕ್ಕೂ ಸಿಟ್ಟು ಬರುತ್ತದೆ. ಶಾಫ್ಟ್ ಕೂರುವ ಜಾಗದ ಅಳತೆ ಹಾಳೆಯ ಹಿಂದಿನ ಮಗ್ಗುಲಲ್ಲಿ ಬರೆದಿದ್ದೇನೆ.

ನಿಮ್ಮ ಮಗಳು


ನವೆಂಬರ್ 2

ತಮ್ಮಾ,

ಈ ಕಾಗದ ನಿನಗೆ. ಮಗಳ ಕೈಯಲ್ಲಿ ಓದಿಸಬೇಡ, ನೀನೇ ಓದು. ನನಗಿಂತ ಮೂರು ಕ್ಲಾಸು ಹೆಚ್ಚು ಓದಿದ್ದೀಯ.

ಕಾಗದ ಬಂದು ಹತ್ತು ದಿನ ನಾನು ಗ್ಯಾರೇಜಿನ ಬೀದಿಗೇ ಹೋಗಲಿಲ್ಲ. ಸುತ್ತು ಹಾಕಿ ಹಾಲಿನಂಗಡಿಗೆ ಹೋದೆ. ಇರುವುದು ಇದ್ದ ಹಾಗೆ ಬರೆಯುತ್ತಿದ್ದೇನೆ. ಊರಿನಲ್ಲಿ ನನಗೆ ಇರುವುದು ಅದೊಂದೇ, ಮೇಸ್ತ್ರಿ ಎಂಬ ಹೆಸರು. ಈಗಲೂ ಬೇರೆ ಊರಿನವರು ಗಾಡಿ ತಂದರೆ, ಮೊದಲು ಮುದುಕನಿಗೆ ತೋರಿಸಿ ಎನ್ನುತ್ತಾರೆ. ಕಿವಿ ಕೇಳದಿದ್ದರೂ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಹೇಳುತ್ತೇನೆ, ತಲೆಯಾಡಿಸುತ್ತಾರೆ.

ನಿನ್ನೆ ಬೆಳಿಗ್ಗೆ ಹೋದೆ. ಗ್ಯಾರೇಜನ್ನು ಈಗ ಕುಳ್ಳ ನಡೆಸುತ್ತಾನೆ, ಅವತ್ತು ಊಟಕ್ಕೆ ಹೋಗಿದ್ದ ಹುಡುಗರಲ್ಲಿ ಅವನೇ ದೊಡ್ಡವನು. ಏಳು ಜನ ಇದ್ದರು. ಗಾಡಿ ತಂದ ಮೂವರು ರೈತರೂ ಇದ್ದರು. ನಾನು ಗಾಡಿ ರಿಪೇರಿಯ ಗುಂಡಿಯ ಪಕ್ಕ, ಅವತ್ತು ನಿಂತ ಜಾಗದಲ್ಲೇ ನಿಂತೆ. ಇಂಜಿನ್ ಆರಿಸಿ ಎಂದು ಕೈಸನ್ನೆ ಮಾಡಿದೆ. ಹೇಳಿದೆ. ಸದ್ದು ಅಡಗಿಸಲು ಬಾರದೆ ಶಾಫ್ಟ್ ತೆಗೆದೆ, ತಮ್ಮನಿಗೆ ಹೇಳಲಿಲ್ಲ, ಮಗುಚಿದ ಮೇಲೆ ತಿರುಗಿ ಹಾಕಿ ಸುಳ್ಳು ಹೇಳಿದೆ, ಅವನು ಲಿವರ್ ಹಾಕಿದ್ದ. ಒಬ್ಬ ನಕ್ಕ, ತಮಾಷೆ ಎಂದುಕೊಂಡು. ಆದ್ದರಿಂದ ಇನ್ನೊಮ್ಮೆ ಮೊದಲಿನಿಂದ ಹೇಳಿದೆ.

ಆಮೇಲೆ ಅವರು ಏನೇನು ಮಾತಾಡಿದರೋ ನನಗೆ ಕೇಳಲಿಲ್ಲ. ಬಾಯಿಗಳು ಆಡುವುದು ಕಂಡಿತು. ಕುಳ್ಳ ಒಂದು ರಟ್ಟಿನ ಚೂರು ಹರಿದು, ಪೆನ್ಸಿಲಿನಲ್ಲಿ ಬರೆದು ನನ್ನ ಮುಖಕ್ಕೆ ಹಿಡಿದ. ‘ಆ ಕಾಲು ಕುಂಟನನ್ನ ದಡ್ಡ ಅಂತ ಇಷ್ಟು ವರ್ಷ ನಾವೆಲ್ಲ ನಕ್ಕಿದ್ದೇವೆ’ ಎಂದು ಬರೆದಿದ್ದ. ಹೌದು ಎಂದೆ. ಅವನು ನನಗೆ ಬೆನ್ನು ತಿರುಗಿಸಿ ಇಂಜಿನ್ ಸ್ಟಾರ್ಟ್ ಮಾಡಿದ. ಇವತ್ತು ಬೆಳಿಗ್ಗೆಯಿಂದ ಯಾರೂ ನನ್ನನ್ನು ಮೇಸ್ತ್ರಿ ಎಂದು ಕರೆದಿಲ್ಲ. ಕರೆದಿದ್ದರೂ ನನಗೆ ಕೇಳುತ್ತಿರಲಿಲ್ಲ, ಆದರೆ ಗೊತ್ತಾಗುತ್ತದೆ.

ಮಗಳು ಬರೆದ ಅಳತೆಗೆ ಸರಿಯಾದ ಶಾಫ್ಟ್ ಗುಜರಿಯಲ್ಲಿ ಸಿಕ್ಕಿದೆ. ಎರಡು ತುದಿಯ ಕೀಲೂ ಗಟ್ಟಿ ಇವೆ, ಮೂರು ಸಲ ನೋಡಿದೆ. ಗೋಣಿಯಲ್ಲಿ ಸುತ್ತಿ ಮುಂದಿನ ವಾರದ ಗುರುವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಈ ಸಲ ನಡುವೆ ಇಳಿಯುವುದಿಲ್ಲ.

ಗೇಟು ತೆಗೆಯುವುದು ಬಿಡುವುದು ನಿನಗೆ ಸೇರಿದ್ದು. ಗ್ಯಾರೇಜಿನಲ್ಲಿ ಹೇಳಿ ಬಂದದ್ದು ಗೇಟು ತೆಗೆಸುವುದಕ್ಕಲ್ಲ. ತೆಗೆಯದಿದ್ದರೆ ಶಾಫ್ಟನ್ನು ಗೇಟಿನ ಸರಳುಗಳ ಸಂದಿಯಲ್ಲಿ ಒಳಗೆ ತಳ್ಳಿ ಸಂಜೆಯ ಬಸ್ಸಿಗೆ ಹೊರಡುತ್ತೇನೆ. ಹೇಗೆ ಕೂರಿಸಬೇಕು, ಬೋಲ್ಟುಗಳನ್ನು ಯಾವ ಕ್ರಮದಲ್ಲಿ ಬಿಗಿಯಬೇಕು ಎಂದು ಈ ಕಾಗದದ ಹಿಂದೆ ಚಿತ್ರ ಬರೆದಿದ್ದೇನೆ. ಮಗಳು ಮಾಡುತ್ತಾಳೆ, ಅವಳ ಕೈ ಚೆನ್ನಾಗಿದೆ. ಆದರೆ ಮುಚ್ಚಳ ಹಾಕುವ ಮೊದಲು ನೀನು ಅಡಿಯಲ್ಲಿ ಮಲಗಿ ನಿನ್ನ ಕಣ್ಣಿಂದ ಒಮ್ಮೆ ನೋಡು. ಸೊಂಟ ನೋಯುತ್ತದೆ, ಗೊತ್ತು. ಆದರೂ ನೋಡು. ನನ್ನ ಮಾತಿನ ಮೇಲೆ ಬಿಡಬೇಡ.

ನಿನ್ನ ಅಣ್ಣ